ಟಿಕೆಟ್ ಇಲ್ಲದವರು

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವವರಿಗೆ ದಾರಿಯಲ್ಲಿ ಸಿಗುವ ಊರು ಲಿಂಗದಹಳ್ಳಿ. ರಜೆಯ ದಿನಗಳಲ್ಲಿ ಪ್ರವಾಸಿಗಳ ಗಾಡಿಗಳು ಇಲ್ಲಿ ಒಂದು ಗಳಿಗೆ ನಿಲ್ಲುತ್ತವೆ. ಇಳಿದವರು ಕಾಫಿ ಕುಡಿದು, ಎದುರಿಗೆ ಮೋಡ ಹೊದ್ದು ನಿಂತ ಬಾಬಾಬುಡನ್‌ಗಿರಿಯ ಸಾಲನ್ನು ನೋಡಿ, 'ಎಷ್ಟು ಚೆಂದದ ಊರಪ್ಪ' ಎಂದು ಮತ್ತೆ ಗಾಡಿ ಹತ್ತುತ್ತಾರೆ. ಊರು ಚೆಂದವೇ, ಸುಳ್ಳಲ್ಲ. ಅಡಿಕೆ, ತೆಂಗು, ಬಾಳೆ, ಮೇಲೆ ಮೇಲೆ ಹೋದಂತೆ ಕಾಫಿ. ಆದರೆ ಯಾವ ಊರನ್ನೂ ಬಸ್ ನಿಲ್ದಾಣದಲ್ಲಿ ನಿಂತು ನೋಡಿ ತೀರ್ಮಾನಿಸಬಾರದು. ಹಿತ್ತಲಿಗೂ ಒಮ್ಮೆ ಹೋಗಿ ನೋಡಬೇಕು.

ಇಲ್ಲಿ ಹೇಳುತ್ತಿರುವುದು ಅಂಥ ಒಂದು ಹಿತ್ತಲಿನ ಸಂಗತಿ. ಆ ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಮೂವತ್ತಕ್ಕೂ ಹೆಚ್ಚು ವರ್ಷ ಸುತ್ತಮುತ್ತಲ ಪ್ರೌಢಶಾಲೆಗಳಲ್ಲಿ ಸಮಾಜ ಪಾಠ ಹೇಳಿದವರು. ಒಳ್ಳೆಯ ಮೇಷ್ಟ್ರೆಂದು ಹೆಸರಾದವರು. ಬೆತ್ತ ಹಿಡಿಯದೆ ಪಾಠ ಮಾಡುತ್ತಿದ್ದರು, ಬಡ ಮಕ್ಕಳ ಪರೀಕ್ಷಾ ಶುಲ್ಕವನ್ನು ಎಷ್ಟೋ ಸಲ ತಾವೇ ಕಟ್ಟುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಇದು ಅವರೊಬ್ಬರ ಕತೆಯಾಗಿಬಿಡುತ್ತದೆ.

ಮೇಷ್ಟ್ರಿಗೆ ಪ್ರಿಯವಾದ ಪಾಠವೊಂದಿತ್ತು. 1893ರ ಜೂನ್ 7ರ ರಾತ್ರಿ, ದಕ್ಷಿಣ ಆಫ್ರಿಕದ ಪೀಟರ್‌ಮ್ಯಾರಿಟ್ಸ್‌ಬರ್ಗ್ ರೈಲು ನಿಲ್ದಾಣ, ಕೊರೆಯುವ ಚಳಿ. ಮೊದಲ ದರ್ಜೆಯ ಡಬ್ಬಿಯಲ್ಲಿ ಕೂತಿದ್ದ ಇಪ್ಪತ್ತಮೂರು ವರ್ಷದ ವಕೀಲ ಮೋಹನದಾಸ ಗಾಂಧಿಯನ್ನು, ಮೈಬಣ್ಣ ಬಿಳಿಯಲ್ಲ ಎಂಬ ಒಂದೇ ಕಾರಣಕ್ಕೆ, ಸಾಮಾನು ಸಮೇತ ಕೆಳಗೆ ತಳ್ಳುತ್ತಾರೆ. ಇದನ್ನು ಮೇಷ್ಟ್ರು ಹೇಳುತ್ತಿದ್ದರೆ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಹುಡುಗರ ಮುಷ್ಟಿ ಬಿಗಿಯಾಗುತ್ತಿತ್ತು. ಒಂದಿಬ್ಬರು ಹುಡುಗಿಯರು ಲಂಗದ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. 1990ರ ಫೆಬ್ರುವರಿ 11ರ ಭಾನುವಾರ ನೆಲ್ಸನ್ ಮಂಡೇಲ ಇಪ್ಪತ್ತೇಳು ವರ್ಷಗಳ ಸೆರೆವಾಸ ಮುಗಿಸಿ ಹೊರಬಂದಾಗ, ಮರುದಿನ ಮೇಷ್ಟ್ರು ಪಠ್ಯಪುಸ್ತಕ ಬದಿಗಿಟ್ಟು ಇಡೀ ಪೀರಿಯಡ್ಡು ಅದನ್ನೇ ಹೇಳಿದರು.

ಅಂಥದೇ ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಮೇಷ್ಟ್ರ ತೋಟದಲ್ಲಿ ಕೆಲಸ ಮಾಡುತ್ತಿದ್ದವನ ಮಗ ಅವನು.

'ಸಾ, ಗಾಂಧೀಜಿ ಹತ್ರ ಟಿಕೆಟ್ ಇತ್ತಾ ಸಾ?'

'ಇತ್ತು ಕಣೋ. ಫಸ್ಟ್ ಕ್ಲಾಸ್ ಟಿಕೆಟ್. ಅದಕ್ಕೇ ಅಲ್ವಾ ಅನ್ಯಾಯ ಅಂದದ್ದು.'

'ಮತ್ತೆ ಟಿಕೆಟ್ ಇಲ್ದೋರ್ನ ತಳ್ಳಿದ್ರೆ ಪರವಾಗಿಲ್ವಾ ಸಾ?'

ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು. 'ಟಿಕೆಟ್ ತಗೊಳ್ದೆ ರೈಲು ಹತ್ತೋಕೆ ನಿಮ್ಮಪ್ಪನ ಗಾಡಿನೇನೋ ಅದು, ಕೂತ್ಕೊಳೋ' ಎಂದರು. ಹುಡುಗ ಕೂತ. ಪಾಠ ಮುಂದುವರಿಯಿತು. ಆ ಪ್ರಶ್ನೆ ಮಾತ್ರ ಮೂವತ್ತು ವರ್ಷ ಎಲ್ಲೋ ಕೂತಿದ್ದು, ಒಂದು ದಿನ ಮೇಷ್ಟ್ರ ಮನೆಯ ಬಾಗಿಲು ತಟ್ಟಿತು.

* * *

ಮೇಷ್ಟ್ರ ಒಬ್ಬಳೇ ಮಗಳು ಹೆಚ್ಚಿನ ಓದಿಗೆಂದು ಇಂಗ್ಲೆಂಡಿಗೆ ಹೋಗಿದ್ದಳು. ತೋಟದ ಮೇಲೆ ಸಾಲ ಎತ್ತಿ ಕಳಿಸಿದ್ದರು. ಒಂದು ಸಂಜೆ ಫೋನಿನಲ್ಲಿ ಅವಳ ಧ್ವನಿ ಎಂದಿನಂತಿರಲಿಲ್ಲ. ಬಗೆದು ಕೇಳಿದಾಗ ಹೇಳಿದಳು. ಬಸ್ಸಿನಲ್ಲಿ ಒಬ್ಬ ಕುಡಿದವನು ಎದುರು ಬಂದು ನಿಂತು, ಬಾಯಿಗೆ ಬಂದಂತೆ ಬೈದು, 'ಎದ್ದು ನಿನ್ನ ದೇಶಕ್ಕೆ ಹೋಗು' ಎಂದನಂತೆ. ಬಸ್ಸಿನ ತುಂಬ ಜನ. ಎಲ್ಲರೂ ಕಿಟಕಿಯಿಂದಾಚೆ ನೋಡುತ್ತಿದ್ದರಂತೆ. ಆಗ ಹಿಂದಿನ ಸೀಟಿನಿಂದ ಒಬ್ಬ ಆಫ್ರಿಕನ್ ಹೆಂಗಸು ಎದ್ದು ಬಂದು, ಒಂದು ಮಾತೂ ಆಡದೆ ಇವಳ ಪಕ್ಕದಲ್ಲಿ ಕೂತು, ಇವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಇಳಿಯುವ ಜಾಗದವರೆಗೂ ಹಾಗೇ ಇದ್ದಳಂತೆ.

ಘಾನಾ ದೇಶದವಳು, ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿದ್ದ ಬೀದಿಯಲ್ಲಿ ಮಗಳಿಗೆ ಮೊದಲು ಒಂದು ಒಳ್ಳೆಯ ಕೋಣೆ ಸಿಕ್ಕಿತ್ತು, ಬಾಡಿಗೆಯೂ ಕಡಿಮೆಯಿತ್ತು. 'ಅದು ಕರಿಯರ ಏರಿಯಾ, ಬೇಡ' ಎಂದು ಅಲ್ಲಿದ್ದ ನಮ್ಮವರೇ ಬುದ್ಧಿ ಹೇಳಿದ್ದರು. ಮಗಳು ಕೇಳಿ ಬಿಟ್ಟುಬಿಟ್ಟಿದ್ದಳು. ಇದನ್ನೂ ಅವಳು ಅಪ್ಪನಿಂದ ಮುಚ್ಚಿಡಲಿಲ್ಲ. 'ಅವಳ ಪಕ್ಕದ ಮನೆ ಬೇಡ ಅಂದಿದ್ದೆ ಅಪ್ಪಾ. ಅವಳು ನನ್ನ ಪಕ್ಕ ಬಂದು ಕೂತಳು' ಎಂದಳು.

ಮೇಷ್ಟ್ರಿಗೆ ಆ ಎರಡನೆಯ ಮಾತು ಕಿವಿಗೆ ಬೀಳಲೇ ಇಲ್ಲ. ಮೊದಲನೆಯದಕ್ಕೇ ಮೈಯೆಲ್ಲ ಉರಿಯುತ್ತಿತ್ತು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವರೇ ಪತ್ರಿಕೆಗೊಂದು ಪತ್ರ ಬರೆಯಲು ಕೂತರು. ವಿಷಯಕ್ಕೆ ಕೊರತೆಯೇ? ಮೂವತ್ತು ವರ್ಷ ಪಾಠ ಹೇಳಿದ್ದೆಲ್ಲ ಲೇಖನಿಗೆ ಬಂತು. ಸ್ವಾತಂತ್ರ್ಯ ಬರುವ ಮುಂಚೆಯೇ, 1946ರಲ್ಲಿ, ವರ್ಣಭೇದ ಮಾಡುವ ದಕ್ಷಿಣ ಆಫ್ರಿಕದೊಂದಿಗೆ ವ್ಯಾಪಾರ ನಿಲ್ಲಿಸಿದ ದೇಶ ನಮ್ಮದು. ಅದೇ ವರ್ಷ ಅಲ್ಲಿನ ಭಾರತೀಯರಿಗಾಗುತ್ತಿದ್ದ ಅನ್ಯಾಯವನ್ನು ವಿಶ್ವಸಂಸ್ಥೆಯಲ್ಲಿ ಎತ್ತಿದ ದೇಶ. 1974ರಲ್ಲಿ ಡೇವಿಸ್ ಕಪ್ ಟೆನಿಸ್ಸಿನ ಫೈನಲ್ ತಲುಪಿದ್ದರೂ, ಎದುರಾಳಿ ದಕ್ಷಿಣ ಆಫ್ರಿಕ ಎಂಬ ಕಾರಣಕ್ಕೆ ಆಡದೆ ಕಪ್ಪನ್ನೇ ಬಿಟ್ಟುಕೊಟ್ಟ ದೇಶ. 1990ರಲ್ಲಿ, ಮಂಡೇಲ ಇನ್ನೂ ಅಧ್ಯಕ್ಷರಾಗುವ ನಾಲ್ಕು ವರ್ಷ ಮೊದಲೇ, ಭಾರತರತ್ನ ಕೊಟ್ಟು ಗೌರವಿಸಿದ ದೇಶ. ಇಂಥ ದೇಶದ ಮಗಳಿಗೆ ಈ ಅವಮಾನವೇ? ಅದರಲ್ಲೂ, ಮೇಷ್ಟ್ರು ಕೊನೆಯಲ್ಲಿ ಬರೆದರು, 'ನನ್ನ ಮಗಳು ಅಲ್ಲಿಗೆ ಕದ್ದು ಹೋದವಳಲ್ಲ. ಪ್ರತಿಭೆಯಿಂದ ಸೀಟು ಪಡೆದು, ಲಕ್ಷಗಟ್ಟಲೆ ಶುಲ್ಕ ಕಟ್ಟಿ, ಕಾನೂನಿನಂತೆ ವೀಸಾ ಪಡೆದು ಹೋದವಳು.'

ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಂಜೆ ಮಗಳಿಗೆ ಫೋನಿನಲ್ಲಿ ಓದಿ ಹೇಳಿದರು. ಆಕಡೆ ಸ್ವಲ್ಪ ಹೊತ್ತು ಮಾತಿಲ್ಲ.

'ಚೆನ್ನಾಗಿದೆ ಅಪ್ಪಾ. ಒಂದು ಕೇಳ್ಲಾ? ಹಿತ್ತಲ ಗೂಡಲ್ಲಿ ಆ ಲೋಟ ಇನ್ನೂ ಇದೆಯಾ?'

* * *

ಲೋಟ ಇತ್ತು. ಬಚ್ಚಲ ಹೊರಗೋಡೆಯ ಗೂಡಿನಲ್ಲಿ, ಬೋರಲು ಹಾಕಿದ ಒಂದು ಅಲ್ಯೂಮಿನಿಯಂ ಲೋಟ. ತೋಟದ ಆಳು ಬೆಳಿಗ್ಗೆ ಹತ್ತು ಗಂಟೆಗೆ ಹಿತ್ತಲಿಗೆ ಬಂದು, ಗೂಡಿನಿಂದ ಲೋಟ ತೆಗೆದು, ಕಲ್ಲಿನ ಮೇಲಿಟ್ಟು ದೂರ ನಿಲ್ಲುತ್ತಾನೆ. ಮೇಲಿನಿಂದ ಕಾಫಿ ಬೀಳುತ್ತದೆ. ಕುಡಿದು, ತಾನೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಾನೆ. ಹಿಂದೆ ಅವನಪ್ಪ ಬರುತ್ತಿದ್ದಾಗ ಲೋಟವೂ ಇರಲಿಲ್ಲ, ತೆಂಗಿನ ಕರಟವಿತ್ತು. ಕರಟದಿಂದ ಲೋಟಕ್ಕೆ ಬಂದದ್ದನ್ನೇ ಮೇಷ್ಟ್ರ ತಾಯಿ ದೊಡ್ಡ ಸುಧಾರಣೆ ಎಂದುಕೊಂಡಿದ್ದರು. ಆ ತಾಯಿ ತೀರಿಕೊಂಡು ಹತ್ತು ವರ್ಷ ದಾಟಿದೆ. 'ಅಮ್ಮ ಇರೋವರೆಗೆ ಇರಲಿ, ಹಿರಿಯರ ಮನಸ್ಸು ನೋಯಿಸೋದು ಬೇಡ' ಎಂದು ಮೇಷ್ಟ್ರು ಅನ್ನುತ್ತಿದ್ದರು. ಅಮ್ಮ ಹೋದರು, ಲೋಟ ಉಳಿಯಿತು.

ಇದು ತಮಗೆ ಕಾಣಿಸುತ್ತಲೇ ಇರಲಿಲ್ಲ ಎಂದು ಮೇಷ್ಟ್ರು ಹೇಳಿದರೆ ನಂಬಬಹುದು. ದಿನವೂ ಕಣ್ಣೆದುರಿಗಿರುವ ವಸ್ತು ಕಾಣದೆ ಹೋಗುವುದೇ ಹೆಚ್ಚು. ಇಂಗ್ಲೆಂಡಿನ ಬಸ್ಸಿನಲ್ಲಿ ಕಿಟಕಿಯಿಂದಾಚೆ ನೋಡುತ್ತಿದ್ದವರಿಗೂ ಏನೂ ಕಂಡಿರಲಾರದು.

ಆ ರಾತ್ರಿ ಮೇಷ್ಟ್ರು ಮಗಳೊಂದಿಗೆ ವಾದ ಮಾಡಿದರು. ಅದೂ ಇದೂ ಒಂದೇ ಅಲ್ಲ, ಅದು ಜನಾಂಗದ ಪ್ರಶ್ನೆ, ಇದು ನಮ್ಮ ಜಾತಿಯ ಪ್ರಶ್ನೆ ಎಂದರು. ಇದು ಅವರೊಬ್ಬರ ವಾದವಲ್ಲ. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ವರ್ಣಭೇದದ ವಿರುದ್ಧ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ, ಜಾತಿಯನ್ನೂ ಚರ್ಚೆಗೆ ಎತ್ತಿಕೊಳ್ಳಬೇಕೆಂದು ನಮ್ಮ ದಲಿತ ಸಂಘಟನೆಗಳು ಕೇಳಿದವು. ಜಾತಿ ಎಂಬುದು ಜನಾಂಗವಲ್ಲ, ಅದು ನಮ್ಮ ಒಳಗಿನ ವಿಷಯ ಎಂದು ಭಾರತ ಸರ್ಕಾರ ಹೇಳಿತು. ಜಾತಿ ಜನಾಂಗವಲ್ಲ ಎಂಬ ಮಾತನ್ನು ಬಹಳ ಹಿಂದೆ, 1936ರ 'ಜಾತಿ ವಿನಾಶ'ದಲ್ಲಿ, ಅಂಬೇಡ್ಕರರೂ ಹೇಳಿದ್ದರು. ಆದರೆ ಅವರು ಹೇಳಿದ ಉದ್ದೇಶ ಬೇರೆ. ಬೇರೆ ಬೇರೆ ಜನಾಂಗಗಳನ್ನು ದೂರವಿಡಲು ಜಾತಿ ಹುಟ್ಟಿತೆಂಬ ವಾದವನ್ನು ಕಿತ್ತುಹಾಕಲು ಅವರು ಹಾಗೆ ಹೇಳಿದರು. ಒಂದೇ ಜನರನ್ನು ಒಡೆದ ಗೋಡೆ ಅದು ಎಂಬುದು ಅವರ ಅಭಿಪ್ರಾಯ. ಅದೇ ಅಂಬೇಡ್ಕರರು 1946ರಲ್ಲಿ ಅಮೆರಿಕದ ಕಪ್ಪು ಜನರ ಹಿರಿಯ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ನಿಮ್ಮವರ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆಯಿದೆ ಎಂದಿದ್ದರು.

1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಿದ್ದರು. ಕೇರಳದ ಒಂದು ಶಾಲೆಯಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಅವರ ಪರಿಚಯ ಮಾಡಿಕೊಡುತ್ತ ಮುಖ್ಯೋಪಾಧ್ಯಾಯರು 'ಅಮೆರಿಕದಿಂದ ಬಂದ ನಿಮ್ಮಂಥ ಅಸ್ಪೃಶ್ಯರು' ಎಂಬರ್ಥದ ಮಾತಾಡಿದರಂತೆ. ಕಿಂಗ್‌ಗೆ ಮೊದಲು ಬೇಸರವಾಯಿತು. ಆಮೇಲೆ ಯೋಚಿಸಿದಾಗ ಅದು ನಿಜ ಅನ್ನಿಸಿತು. 1965ರ ಒಂದು ಪ್ರವಚನದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಅಷ್ಟು ದೂರದಿಂದ ಬಂದವರು ಒಪ್ಪಿಕೊಂಡ ಹೋಲಿಕೆಯನ್ನು ಒಪ್ಪಲು ನಮಗೆ ಏಕೋ ಕಷ್ಟ. ನಮ್ಮ ಸಂವಿಧಾನಕ್ಕೆ ಮಾತ್ರ ಈ ಗೊಂದಲವಿಲ್ಲ. ಅದರ 15ನೆಯ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಐದನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನೂ ಹೆಸರಿಸಿದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ಇದನ್ನೂ ಮೇಷ್ಟ್ರು ಪ್ರತಿವರ್ಷ ಪಾಠ ಮಾಡುತ್ತಿದ್ದರು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ.

ಮಗಳು ವಾದಕ್ಕೆ ಉತ್ತರ ಕೊಡಲಿಲ್ಲ. ಆ ಘಾನಾದ ನರ್ಸ್ ಹೇಳಿದ್ದೊಂದನ್ನು ಹೇಳಿದಳು. ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ 2016ರಲ್ಲಿ ಸ್ಥಾಪಿಸಿದ್ದ ಗಾಂಧಿ ಪ್ರತಿಮೆಯನ್ನು 2018ರ ಡಿಸೆಂಬರಿನಲ್ಲಿ ತೆಗೆಸಲಾಯಿತು. ದಕ್ಷಿಣ ಆಫ್ರಿಕದ ಮೊದಲ ವರ್ಷಗಳಲ್ಲಿ ಗಾಂಧಿ ಅಲ್ಲಿನ ಕಪ್ಪು ಜನರ ಬಗ್ಗೆ ಕೀಳಾಗಿ ಬರೆದಿದ್ದರು ಎಂಬುದು ಅಲ್ಲಿನ ಅಧ್ಯಾಪಕರ, ವಿದ್ಯಾರ್ಥಿಗಳ ಆಕ್ಷೇಪ.

ಮೇಷ್ಟ್ರಿಗೆ ಇದು ಬಸ್ಸಿನ ಸಂಗತಿಗಿಂತ ಹೆಚ್ಚು ನೋವು ಕೊಟ್ಟಿತು. ನಂಬಲಿಲ್ಲ. ಪುಸ್ತಕ ತರಿಸಿ ಓದಿದರು. ಆಕ್ಷೇಪ ಸುಳ್ಳಾಗಿರಲಿಲ್ಲ. ಭಾರತೀಯರನ್ನು ಆಫ್ರಿಕನ್ನರೊಂದಿಗೆ ಸೇರಿಸಿ ನೋಡುವುದೇ ಅವಮಾನ ಎಂಬ ಧಾಟಿಯಲ್ಲಿ ಆ ಯುವ ವಕೀಲ ಬರೆದದ್ದುಂಟು. 1906ರಲ್ಲಿ ಜುಲು ಜನ ಬ್ರಿಟಿಷರ ವಿರುದ್ಧ ಎದ್ದಾಗ, ಬ್ರಿಟಿಷರ ಕಡೆಯಿಂದ ಶುಶ್ರೂಷೆಯ ಪಡೆ ಕಟ್ಟಿಕೊಂಡು ಹೋದ ಗಾಂಧಿ, ಬಿಳಿಯರು ಮುಟ್ಟಲೊಲ್ಲದ ಜುಲು ಗಾಯಾಳುಗಳ ಬೆನ್ನಿನ ಬಾಸುಂಡೆಗಳನ್ನು ತೊಳೆದರು. ವರ್ಷಗಳು ಹೋದಂತೆ ಅವರ ಮಾತು ಬದಲಾಯಿತು. ಮಂಡೇಲ ಅವರೇ ಗಾಂಧಿಯನ್ನು ಗೌರವದಿಂದ ನೆನೆದರು. ಒಬ್ಬ ಮನುಷ್ಯ ತಾನಿದ್ದ ಜಾಗದಿಂದ ಮುಂದಕ್ಕೆ ನಡೆದ ಎಂಬುದು ಸಣ್ಣ ಸಂಗತಿಯಲ್ಲ. ಆದರೆ 1893ರ ಆ ರಾತ್ರಿಯ ಸಿಟ್ಟಿನಲ್ಲಿ ಮೊದಲ ದರ್ಜೆಯ ಟಿಕೆಟ್ ಇದ್ದ ಭಾರತೀಯನ ಅವಮಾನವಿತ್ತೇ ಹೊರತು, ಆ ರೈಲಿನ ಹತ್ತಿರಕ್ಕೂ ಬರಲಾಗದ ಕಪ್ಪು ಕೂಲಿಯ ಅವಮಾನ ಇನ್ನೂ ಸೇರಿರಲಿಲ್ಲ.

ಹಿಂದಿನ ಬೆಂಚಿನ ಹುಡುಗ ಕೇಳಿದ್ದು ಇದನ್ನೇ ಅಲ್ಲವೇ? ಟಿಕೆಟ್ ಇಲ್ಲದವರನ್ನು ತಳ್ಳಿದರೆ ಪರವಾಗಿಲ್ಲವಾ?

ಮೇಷ್ಟ್ರು ಮೇಜಿನ ಮೇಲಿದ್ದ ತಮ್ಮ ಪತ್ರವನ್ನು ಇನ್ನೊಮ್ಮೆ ಓದಿದರು. 'ಪ್ರತಿಭೆಯಿಂದ ಸೀಟು ಪಡೆದು, ಶುಲ್ಕ ಕಟ್ಟಿ, ವೀಸಾ ಪಡೆದು...' ಅವರೂ ಮಗಳ ಟಿಕೆಟ್ಟನ್ನೇ ತೋರಿಸಿದ್ದರು. ಶುಲ್ಕ ಕಟ್ಟದೆ, ಬರಿಗೈಲಿ ಬದುಕು ಹುಡುಕಿಕೊಂಡು ಹೋದ ಹೆಣ್ಣುಮಗಳಾಗಿದ್ದರೆ ಆ ಕುಡುಕನ ಮಾತು ಸರಿಯಾಗುತ್ತಿತ್ತೇ? ಪತ್ರ ಅಂಚೆಗೆ ಹೋಗಲಿಲ್ಲ.

* * *

ಬಣ್ಣದ ಮಾತನ್ನೂ ಆಡಬೇಕು. ಮಗಳು ಹುಟ್ಟಿದಾಗ ಕಪ್ಪಗಿದ್ದಳು. ಅಜ್ಜಿ ದಿನವೂ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ಮೈಗೆ ತಿಕ್ಕುತ್ತಿದ್ದರು. ಪ್ರೀತಿಯಿಂದಲೇ. ನೋಡಲು ಬಂದವರು 'ಕಪ್ಪಗಿದ್ರೂ ಲಕ್ಷಣವಾಗಿದೆ ಮಗು' ಎನ್ನುತ್ತಿದ್ದರು. ಹೊಗಳಿಕೆಯೆಂದೇ ಆಡಿದ ಮಾತು. ಆ 'ಇದ್ರೂ' ಎಂಬ ಎರಡಕ್ಷರವನ್ನು ಯಾರೂ ಗಮನಿಸಲಿಲ್ಲ, ಬೆಳೆಯುತ್ತಿದ್ದ ಹುಡುಗಿಯೊಬ್ಬಳನ್ನು ಬಿಟ್ಟು. ಬೆಳ್ಳಗಾಗಿಸುವೆನೆಂದು 1975ರಲ್ಲಿ ಮಾರುಕಟ್ಟೆಗೆ ಬಂದ ಮುಲಾಮೊಂದು ನಲವತ್ತೈದು ವರ್ಷ ನಮ್ಮ ಅಂಗಡಿಗಳಲ್ಲಿ ಭರ್ಜರಿಯಾಗಿ ಮಾರಾಟವಾಯಿತು. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸನ ಮೊಣಕಾಲಿನಡಿ ಉಸಿರುಗಟ್ಟಿ ಸತ್ತು, ಜಗತ್ತಿನ ಬೀದಿಗಳಲ್ಲಿ ಜನ ಎದ್ದು ನಿಂತ ಮೇಲೆ, ಅದರ ಹೆಸರಿನಿಂದ 'ಫೇರ್' ಎಂಬ ಪದ ಹೋಗಿ 'ಗ್ಲೋ' ಬಂತು. ಹೆಸರು ಬದಲಾಯಿತು. ವಧು ಬೇಕೆಂಬ ಜಾಹೀರಾತುಗಳಲ್ಲಿ ಬಣ್ಣದ ಬೇಡಿಕೆ ಮಾತ್ರ ಹೋಗಿಲ್ಲ.

ಕಪ್ಪು ಬಣ್ಣ ಕಂಡರೆ ನಮಗೆ ಸಿಟ್ಟೂ ಬೇಗ ಬರುತ್ತದೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಮಹಿಳೆಯೊಬ್ಬರ ಮೇಲೆ ಹರಿದು ಅವರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳನ್ನು ಗುಂಪು ಕಾರಿನಿಂದೆಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಸಂಬಂಧವಿರಲಿಲ್ಲ. ದೇಶವೂ ಬೇರೆ. ಮೈಬಣ್ಣ ಮಾತ್ರ ಒಂದೇ. 2012ರ ಆಗಸ್ಟಿನಲ್ಲಿ ಮೊಬೈಲಿನಲ್ಲಿ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಅದೇ ಬೆಂಗಳೂರನ್ನು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವದಂತಿಯನ್ನು ಅವರು ಅಷ್ಟು ಬೇಗ ನಂಬಿದ್ದೇಕೆ? ಬೀದಿಯಲ್ಲಿ ದಿನವೂ 'ಚೀನಾದವರು' ಎಂದು ಕರೆಸಿಕೊಂಡವರಿಗೆ, ಈ ಊರು ತಮ್ಮನ್ನು ಕಾಯುತ್ತದೆಂಬ ನಂಬಿಕೆ ಹೇಗೆ ಹುಟ್ಟಬೇಕು?

ಇಷ್ಟಕ್ಕೂ ಕಪ್ಪು ಜನ ನಮಗೆ ಹೊರಗಿನವರೇ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡುಗಳಲ್ಲಿ ಸಿದ್ದಿಗಳು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಅವರ ಪೂರ್ವಿಕರನ್ನು ಗುಲಾಮರಾಗಿ ಆಫ್ರಿಕದಿಂದ ಹಡಗಿನಲ್ಲಿ ತಂದವರು ಪೋರ್ಚುಗೀಸರು, ಅರಬ್ ವ್ಯಾಪಾರಿಗಳು. 2003ರಲ್ಲಿ ಆ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ಇಂದಿಗೂ ಸಿದ್ದಿ ಹುಡುಗನೊಬ್ಬ ಪಟ್ಟಣದ ಬಸ್ಸು ಹತ್ತಿದರೆ 'ಯಾವ ದೇಶ?' ಎಂದು ಕೇಳುವವರಿದ್ದಾರೆ. ಅಚ್ಚ ಕನ್ನಡದಲ್ಲಿ ಉತ್ತರ ಬಂದರೆ ಕೇಳಿದವರಿಗೇ ಗಾಬರಿ.

ಲಿಂಗದಹಳ್ಳಿಯ ಮೇಲಿನ ಗುಡ್ಡಗಳಲ್ಲಿ ಬೆಳೆಯುವ ಕಾಫಿಯ ಹುಟ್ಟೂರು ಯಾವುದು? ಆಫ್ರಿಕದ ಇಥಿಯೋಪಿಯ. ಅಲ್ಲಿಂದ ಯೆಮನ್‌ಗೆ ಹೋಗಿ, ಯೆಮನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದು ಈ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ಆಫ್ರಿಕದ ಗಿಡ, ಅರಬರ ದಾರಿ, ಫಕೀರರ ಕೈ. ಅದನ್ನು ಈಚಿನ ವರ್ಷಗಳಲ್ಲಿ ಕೊಯ್ಯುತ್ತಿರುವವರಲ್ಲಿ ಅಸ್ಸಾಮಿನಿಂದ ಬಂದ ಕೂಲಿಗಳೂ ಇದ್ದಾರೆ. ಇಷ್ಟೆಲ್ಲ ಕೈ ದಾಟಿ ಬಂದ ಕಾಫಿಗೆ ಮೈಲಿಗೆಯಿಲ್ಲ. ಲೋಟಕ್ಕೆ ಮಾತ್ರ ಇದೆ.

ಇದೆಲ್ಲ ಹಳೆಯ ಕಾಲದ ಮಾತು, ಈಗ ಎಲ್ಲಿದೆ ಎನ್ನುವವರುಂಟು. 2024ರ ಜನವರಿಯಲ್ಲಿ ಇದೇ ತರೀಕೆರೆ ತಾಲ್ಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಗೆ ಜೆಸಿಬಿ ಕೆಲಸಕ್ಕೆ ಹೋದ ದಲಿತ ಯುವಕನ ಮೇಲೆ, ಹಟ್ಟಿಯೊಳಗೆ ಬಂದನೆಂದು ಹಲ್ಲೆಯಾದ ದೂರು ಬಂತು. ದೇವಸ್ಥಾನಕ್ಕೆ ಬೀಗ ಬಿತ್ತು. ಕೊನೆಗೆ ಪೊಲೀಸರ ಕಾವಲಿನಲ್ಲಿ ದಲಿತರು ಹಟ್ಟಿ ಪ್ರವೇಶಿಸಿದರು. 2019ರಲ್ಲಿ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಅವರೂ ಹೊರಗೇ ನಿಲ್ಲಬೇಕಾಯಿತು. ಲೋಕಸಭೆಯ ಸದಸ್ಯರ ಟಿಕೆಟ್ಟೂ ಅಲ್ಲಿ ನಡೆಯಲಿಲ್ಲ. ಆ ಹಟ್ಟಿಯವರೇನು ಸಿರಿವಂತರೇ? ಕುರಿ ಕಾಯ್ದು, ಬಿಸಿಲು ಮಳೆ ಉಂಡು, ತಮಗಿಂತ ಮೇಲಿನವರಿಂದ ಬೇಕಾದಷ್ಟು ಅನ್ನಿಸಿಕೊಂಡು ಬದುಕಿದವರು. ತಳ್ಳಿಸಿಕೊಂಡವರೂ ತಳ್ಳಲು ಯಾರಾದರೂ ಸಿಗುವರೇ ಎಂದು ನೋಡುವುದು ಈ ರೋಗದ ಲಕ್ಷಣ. ಬಸ್ಸಿನಲ್ಲಿ ಬೈಸಿಕೊಂಡ ಹುಡುಗಿ 'ಕರಿಯರ ಏರಿಯಾ' ಬೇಡವೆಂದದ್ದೂ ಅದೇ ರೋಗವೇ.

* * *

ಗೂಡಿನ ಲೋಟವನ್ನು ಮೇಷ್ಟ್ರು ಮರುದಿನವೇ ತೆಗೆದು ಗುಜರಿಗೆ ಹಾಕಿದರು. ಅದು ಸುಲಭದ ಕೆಲಸ. ಹೋಟೆಲುಗಳಲ್ಲಿ ಈಗ ಪೇಪರ್ ಕಪ್ಪು ಬಂದು ಆ ಕೆಲಸವನ್ನು ಇನ್ನೂ ಸುಲಭ ಮಾಡಿದೆ: ಎಲ್ಲರಿಗೂ ಒಂದೇ ಕಪ್ಪು, ಕುಡಿದು ಎಸೆದರೆ ಮುಗಿಯಿತು, ಯಾರೂ ಬದಲಾಗಬೇಕಾಗಿಲ್ಲ.

ಕಷ್ಟ ಶುರುವಾದದ್ದು ಮಾತಿನಲ್ಲಿ. ತೋಟದ ಆಳು ಮೇಷ್ಟ್ರಿಗಿಂತ ಏಳು ವರ್ಷ ದೊಡ್ಡವನು. 'ದೊಡ್ಡವನು' ಎಂದೇ ಇಲ್ಲಿಯೂ ಬರೆದಾಯಿತು ನೋಡಿ. ದೊಡ್ಡವರು ಎನ್ನಬೇಕಿತ್ತು. ಇಲ್ಲಿಯವರೆಗೆ ಬಂದ ವಾಕ್ಯಗಳಲ್ಲೆಲ್ಲ ಮೇಷ್ಟ್ರು 'ಹೇಳಿದರು', ಆಳು 'ಬರುತ್ತಾನೆ'. ಕನ್ನಡದಲ್ಲಿ ಬಾಯಿ ತೆರೆದರೆ ಸಾಕು, ಯಾರು ಮೇಲೆ, ಯಾರು ಕೆಳಗೆ ಎಂಬುದು ಕ್ರಿಯಾಪದದ ಬಾಲದಲ್ಲೇ ಗೊತ್ತಾಗಿಬಿಡುತ್ತದೆ. ಏಕವಚನದಲ್ಲಿ ಪ್ರೀತಿಯೂ ಇದೆ, ದೇವರನ್ನೂ ಅಮ್ಮನನ್ನೂ ಏಕವಚನದಲ್ಲೇ ಕರೆಯುತ್ತೇವೆ ಎಂದು ವಾದಿಸಬಹುದು. ಆದರೆ ಪ್ರೀತಿಯ ಏಕವಚನಕ್ಕೆ ಅವರೂ ತಿರುಗಿ ಏಕವಚನದಲ್ಲಿ ಉತ್ತರ ಕೊಡುವಂತಿರಬೇಕು. ನಲವತ್ತು ವರ್ಷದಲ್ಲಿ ಆ ಮುದುಕರು ಒಮ್ಮೆಯಾದರೂ ಮೇಷ್ಟ್ರನ್ನು 'ನೀನು' ಎಂದದ್ದುಂಟೇ?

ಅಂದು ಹತ್ತು ಗಂಟೆಗೆ ಮೇಷ್ಟ್ರು ಹಿತ್ತಲ ಬಾಗಿಲಲ್ಲಿ ನಿಂತು, 'ಬನ್ನಿ, ಒಳಗೆ ಕೂತ್ಕೊಂಡು ಕಾಫಿ ಕುಡೀರಿ' ಎಂದರು. ಆಳಿನ ಮುಖ ಬಿಳುಚಿತು.

'ಯಾಕ್ ಮೇಷ್ಟ್ರೇ, ಏನಾದ್ರೂ ತಪ್ಪಾಯ್ತಾ? ನಾಳೆಯಿಂದ ಕೆಲ್ಸಕ್ ಬರಬ್ಯಾಡ ಅಂತೀರಾ?'

ಮೇಷ್ಟ್ರಿಗೆ ನಗು ಬಂತು, ಗಂಟಲೂ ಕಟ್ಟಿತು. ಏನು ಹೇಳಿದರೂ ಅವರು ಒಳಗೆ ಬರಲಿಲ್ಲ. ಅಡುಗೆಮನೆಯ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಮೇಲೆಯೇ ಕೂತು ಕುಡಿದರು. ಕುಡಿದು ತೊಳೆದು, ಅಭ್ಯಾಸಬಲದಿಂದ ಖಾಲಿ ಗೂಡಿನಲ್ಲಿ ಬೋರಲು ಹಾಕಿದರು.

ಅವರ ಮಗ, ಆ ಹಿಂದಿನ ಬೆಂಚಿನ ಹುಡುಗ, ಈಗ ಶಿವಮೊಗ್ಗದಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಮೇಷ್ಟ್ರನ್ನು ಕಂಡು ಹೋಗುತ್ತಾನೆ. ಮುಂದಿನ ಬಾಗಿಲಿಂದಲೇ ಬರುತ್ತಾನೆ, ಜಗಲಿಯ ಕುರ್ಚಿಯಲ್ಲಿ ಕೂರುತ್ತಾನೆ. ಕಾಫಿ ತರಿಸುತ್ತೇನೆಂದರೆ ಮಾತ್ರ, 'ಈಗಷ್ಟೇ ಕುಡಿದು ಬಂದೆ ಸಾ' ಎನ್ನುತ್ತಾನೆ. ಇಪ್ಪತ್ತು ವರ್ಷದಿಂದಲೂ ಅದೇ ಮಾತು. ಹುಡುಗನಿಗೆ ಎಷ್ಟು ಸಂಕೋಚ ಎಂದು ಮೇಷ್ಟ್ರು ಮೆಚ್ಚಿಕೊಳ್ಳುತ್ತಿದ್ದರು. ಅದು ಸಂಕೋಚವಲ್ಲ, ಉತ್ತರ ಎಂದು ಈಗ ತಿಳಿಯಿತು. ಜಗಲಿಯಲ್ಲಿ ಅವನಿಗೆ ಪಿಂಗಾಣಿ ಕಪ್ಪು, ಹಿತ್ತಲಲ್ಲಿ ಅವನಪ್ಪನಿಗೆ ಗೂಡಿನ ಲೋಟ. ನೌಕರಿಯ ಟಿಕೆಟ್ ಇರುವವನಿಗೆ ಸಿಗುವ ಕಾಫಿ ಅವನಿಗೆ ಬೇಡವಾಗಿತ್ತು.

ಕಳೆದ ಮಳೆಗಾಲದಲ್ಲಿ ಮುದುಕರು ಜ್ವರದಿಂದ ಮಲಗಿದರು. ಮೇಷ್ಟ್ರು ಅವರ ಮನೆಗೆ ಹೋದರು. ಅದೇ ಊರು, ಕೂಗಳತೆಯ ದೂರ. ಹೊಸ್ತಿಲು ದಾಟಿದ್ದು ಅದೇ ಮೊದಲು. ಮನೆಯಾಕೆ ಗಡಿಬಿಡಿಯಿಂದ ಮೊಮ್ಮಗನನ್ನು ಅಂಗಡಿಗೆ ಓಡಿಸಿದರು, ಮುಚ್ಚಳ ತೆಗೆಯದ ತಂಪು ಪಾನೀಯದ ಬಾಟಲಿ ತರಲು. ಮೇಲಿನವರು ಬಂದ ಮನೆಗಳಲ್ಲಿ ಅದೇ ವಾಡಿಕೆ. ತಮ್ಮ ಕೈ ತಾಗದ್ದನ್ನೇ ಕೊಡಬೇಕು. ಮೇಷ್ಟ್ರು ಹುಡುಗನನ್ನು ತಡೆದರು. 'ಅದೆಲ್ಲ ಬೇಡಮ್ಮ. ಕಾಫಿ ಇದ್ರೆ ಕೊಡಿ' ಎಂದರು. ಆಕೆ ಗಂಡನ ಮುಖ ನೋಡಿದರು. ಅವರು ಮಗನ ಮುಖ ನೋಡಿದರು. ಸುದ್ದಿ ತಿಳಿದು ಬಂದಿದ್ದ ಮಗ ಏನೂ ಹೇಳದೆ ತಾನೇ ಒಳಗೆ ಹೋಗಿ ಒಲೆ ಹಚ್ಚಿದ.

ಲೋಟ ಕೈಗೆ ಬಂತು. ತುಟಿಗೆ ತಾಗುವ ಮುನ್ನ ಮೇಷ್ಟ್ರ ಕೈ ಅರೆಗಳಿಗೆ ನಿಂತಿತು. ಅರೆಗಳಿಗೆಯಷ್ಟೇ. ಬೇರೆ ಯಾರೂ ನೋಡಲಿಲ್ಲ, ಎದುರಿಗೆ ಕೂತಿದ್ದ ಮಗನೊಬ್ಬನ ಹೊರತು. ಆಮೇಲೆ ಕುಡಿದರು. ಬೆಲ್ಲದ ಕಾಫಿ, ಚೆನ್ನಾಗಿತ್ತು.

ಸಂಜೆ ಮಗಳಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದರು. ಆ ಅರೆಗಳಿಗೆಯನ್ನು ಬಿಟ್ಟು ಹೇಳಬೇಕೆಂದಿದ್ದರು, ಹೇಳುತ್ತ ಹೇಳುತ್ತ ಅದೂ ಬಾಯಿಗೆ ಬಂತು.

'ಅರವತ್ತು ವರ್ಷದ ಕೈ ಕಣೇ ಪುಟ್ಟಿ, ಹೇಳಿದ ಮಾತು ಕೇಳಲಿಲ್ಲ' ಎಂದರು.

'ನಾನು ಮನೆ ಬದಲಾಯಿಸ್ತಿದ್ದೀನಿ ಅಪ್ಪಾ' ಎಂದಳು ಮಗಳು, 'ಆ ನರ್ಸಮ್ಮನ ಬೀದಿಗೆ. ಮೊದಲನೇ ದಿನ ರಾತ್ರಿ ನಂಗೂ ಭಯ ಆಗತ್ತೇನೋ. ನೋಡೋಣ.'

ದೀಪಾವಳಿಗೆ ಮುದುಕರ ಮಗ ಎಂದಿನಂತೆ ಮೇಷ್ಟ್ರ ಮನೆಗೆ ಬಂದ. ಜಗಲಿಯಲ್ಲಿ ಕೂತ. ಅಪ್ಪನ ಆರೋಗ್ಯ, ಅಡಿಕೆಯ ಧಾರಣೆ, ಮಕ್ಕಳ ಓದು ಎಲ್ಲ ಮಾತಾಯಿತು. ಮೇಷ್ಟ್ರು ಕಾಫಿಯ ಮಾತೆತ್ತಲು ಹಿಂಜರಿದರು. ಆ ಹಳೆಯ ಉತ್ತರ ಮತ್ತೆ ಬರಬಹುದೆಂಬ ಅಳುಕು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಕೊನೆಗೆ ಅವನೇ ಕೇಳಿದ:

'ಸಾ, ಅಪ್ಪನೂ ತೋಟದ ಹತ್ರ ಬಂದವ್ರೆ. ಕರೀಲಾ? ಇಬ್ರಿಗೂ ಕಾಫಿ ಹೇಳಿ.'